ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕಿ ಹೋಗಬೇಡಿ

ಉಜಿರೆ, ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಕಡೆಯ ಮನೆಗಳಿಂದ ಡಿ.ಫಾರ್ಮ್, ಬಿ.ಫಾರ್ಮ್, ಫಾರ್ಮ್.ಡಿ ಓದುತ್ತಿರುವ ಪ್ರೀತಿಯ ವಿದ್ಯಾರ್ಥಿಗಳೇ,

ನಿಮ್ಮಲ್ಲಿ ಕೆಲವರು ಬೆಳಗ್ಗಿನ ಬಸ್ಸು ಹಿಡಿದು ಬಿ.ಸಿ.ರೋಡ್ ದಾಟಿ ವಳಚ್ಚಿಲ್‌ಗೋ ದೇರಳಕಟ್ಟೆಗೋ ಹೋಗುತ್ತೀರಿ. ಮೂಡುಬಿದಿರೆಯಿಂದ ವಾಮಂಜೂರಿಗೆ ಹೋಗುವವರಿದ್ದೀರಿ. ಮಣಿಪಾಲ, ಮೈಸೂರು, ಬೆಂಗಳೂರಿನ ಹಾಸ್ಟೆಲುಗಳಲ್ಲಿ ಇರುವವರೂ ಇದ್ದೀರಿ. ಎಲ್ಲಿದ್ದರೂ ಈ ಪತ್ರ ನಿಮಗೇ. ಉಜಿರೆಯಲ್ಲಿ ಮದ್ದಿನಂಗಡಿ ನಡೆಸುವ ಫಾರ್ಮಸಿಸ್ಟ್ ನಾನು. ಟ್ರೈನಿಂಗಿಗೆಂದು ಬರುವ ಮಕ್ಕಳನ್ನೆಲ್ಲ "ಫಾರ್ಮಸಿ ಯಾಕೆ ತಗೊಂಡದ್ದು?" ಎಂದು ಕೇಳುತ್ತೇನೆ. ಅವರ ಉತ್ತರಗಳು ಬಹಳ ದಿನದಿಂದ ತಲೆಯೊಳಗೆ ಸುಳಿಯುತ್ತಿವೆ.

"ನೀಟ್‌ನಲ್ಲಿ ಆಗ್ಲಿಲ್ಲ ಸಾರ್" ಎನ್ನುವವರೇ ಹೆಚ್ಚು. "ಸಿಇಟಿಯಲ್ಲಿ ಇದು ಸಿಕ್ಕಿತು." "ಮಾವ ಸೌದಿಯಲ್ಲಿದ್ದಾರೆ, ಅಲ್ಲಿ ಕೆಲಸ ಉಂಟಂತೆ." "ನರ್ಸಿಂಗ್ ಆದ್ರೆ ರಾತ್ರಿ ಡ್ಯೂಟಿ ಇರ್ತದೆ, ಬೇಡ ಅಂದ್ರು ಅಮ್ಮ." "ಅಪ್ಪನಿಗೆ ಪೇಟೆಯಲ್ಲಿ ಒಂದು ರೂಮು ಉಂಟು, ಮೆಡಿಕಲ್ ಹಾಕ್ಬಹುದು." ಒಬ್ಬಳು ಹುಡುಗಿ ಮಾತ್ರ ಬೇರೆಯೇ ಹೇಳಿದಳು: ಅಜ್ಜಿಯ ಮಾತ್ರೆಗಳನ್ನು ಹೊತ್ತುಹೊತ್ತಿಗೆ ತೆಗೆದುಕೊಡುವುದು ಸಣ್ಣದರಿಂದ ಅವಳ ಕೆಲಸವಂತೆ. ಬಿಳಿ ಮಾತ್ರೆ ಯಾಕೆ, ಹಳದಿ ಯಾಕೆ ಎಂದು ಮನೆಯಲ್ಲಿ ಯಾರಿಗೂ ಹೇಳಲು ಬರಲಿಲ್ಲವಂತೆ. ಅದಕ್ಕೇ ಬಂದೆ ಅಂದಳು.

ಮೆಡಿಕಲ್ ಸೀಟು ಸಿಗದೆ ಇಲ್ಲಿಗೆ ಬಂದವರು ಅದನ್ನು ಹೇಳುವಾಗ ತಲೆ ತಗ್ಗಿಸುತ್ತೀರಿ. ತಗ್ಗಿಸಬೇಡಿ. 2024ರಲ್ಲಿ ದೇಶದಲ್ಲಿ 23 ಲಕ್ಷಕ್ಕೂ ಹೆಚ್ಚು ಮಕ್ಕಳು ನೀಟ್ ಬರೆದರು. ಎಂಬಿಬಿಎಸ್ ಸೀಟು ಇದ್ದದ್ದು 1.1 ಲಕ್ಷದ ಆಸುಪಾಸು. ಉಳಿದ ಇಪ್ಪತ್ತೆರಡು ಲಕ್ಷ ಮಂದಿ ದಡ್ಡರೆಂದು ಯಾರು ಹೇಳಿಯಾರು? ಆಸೆಪಟ್ಟದ್ದು ಸಿಗದೆ ಇನ್ನೊಂದರ ಕೈಹಿಡಿದು, ಆ ಇನ್ನೊಂದರಲ್ಲೇ ಬಾಳಿ ಬೆಳಗಿದವರು ಎಲ್ಲ ಕಸುಬುಗಳಲ್ಲೂ ಇದ್ದಾರೆ. ನೀವು ಯಾವ ದಾರಿಯಿಂದ ಬಂದಿರಿ ಎಂಬುದು ನನಗೆ ಚಿಂತೆಯ ವಿಷಯವೇ ಅಲ್ಲ. ಚಿಂತೆ ಹತ್ತಿಕೊಳ್ಳುವುದು "ಮುಂದೆ ಎಂತ ಮಾಡ್ತೀರಿ?" ಎಂಬ ಎರಡನೆಯ ಪ್ರಶ್ನೆಗೆ ಸಿಗುವ ಒಂದು ಉತ್ತರದಿಂದ.

"ರಿಜಿಸ್ಟ್ರೇಶನ್ ಆದ್ರೆ ಸಾಕು ಸಾರ್. ಸರ್ಟಿಫಿಕೇಟ್ ಯಾವುದಾದ್ರೂ ಮೆಡಿಕಲ್‌ಗೆ ಕೊಟ್ರೆ ತಿಂಗಳಿಗೆ ಇಷ್ಟು ಅಂತ ಬರ್ತದೆ. ನಾನು ಬೇರೆ ಕೆಲಸ ನೋಡಿಕೊಳ್ಬಹುದು."

ಈ ಮಾತನ್ನು ನಾಚಿಕೆಯಿಲ್ಲದೆ, ಮುಚ್ಚುಮರೆಯಿಲ್ಲದೆ, ಬ್ಯಾಂಕಿನಲ್ಲಿ ಠೇವಣಿ ಇಡುವ ಮಾತಿನಷ್ಟೇ ಸಲೀಸಾಗಿ ಹೇಳುತ್ತೀರಿ. ತಪ್ಪು ನಿಮ್ಮದಲ್ಲ, ನಿಮಗೆ ಇದನ್ನು ಕಲಿಸಿದವರು ಹಿರಿಯರು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸರ್ಟಿಫಿಕೇಟು ತವರಿನ ಪೇಟೆಯ ಯಾವುದೋ ಅಂಗಡಿಯ ಗೋಡೆಯಲ್ಲಿ ಕಟ್ಟುಹಾಕಿಸಿಕೊಂಡು ನೇತಾಡುವುದನ್ನು ನಾನು ಕಂಡಿದ್ದೇನೆ. ಕೌಂಟರಿನಲ್ಲಿ ಪಿಯುಸಿ ಮುಗಿಸಿದ ಒಬ್ಬ ಹುಡುಗ ಡಾಕ್ಟರ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಅಕ್ಷರ ಅಂದಾಜು ಮಾಡಿ ಮದ್ದು ಕೊಡುತ್ತಿರುತ್ತಾನೆ. ಬಿಲ್ಲಿನ ಕೆಳಗೆ ಇರುವ ಸಹಿ ಐನೂರು ಕಿಲೋಮೀಟರ್ ಆಚೆ ಇರುವವಳದ್ದು.

ಕಾಯ್ದೆಯನ್ನು ಮೊದಲು ಹೇಳಿಬಿಡುತ್ತೇನೆ. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಡಾಕ್ಟರ ಚೀಟಿಗೆ ಮದ್ದು ಕೊಡುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟಿಗೆ ಮಾತ್ರ. 1945ರ ಔಷಧ ನಿಯಮಗಳೂ ಫಾರ್ಮಸಿಸ್ಟಿನ ಖುದ್ದು ಮೇಲ್ವಿಚಾರಣೆ ಬೇಕೆನ್ನುತ್ತವೆ. 2015ರ ಫಾರ್ಮಸಿ ಪ್ರಾಕ್ಟೀಸ್ ರೆಗ್ಯುಲೇಶನ್ಸ್ ಅಂಗಡಿಗೆ ಹೋಗದೆ ಮಾಲೀಕರಿಗೆ ಸರ್ಟಿಫಿಕೇಟು ಕೊಡುವುದನ್ನು ದುರ್ನಡತೆಯ ಪಟ್ಟಿಗೇ ಸೇರಿಸಿವೆ. ಇದೆಲ್ಲ ನಿಮಗೆ ಪಾಠದಲ್ಲಿ ಬರುತ್ತದೆ, ಪರೀಕ್ಷೆಗೂ ಬರೆಯುತ್ತೀರಿ. ಆದರೆ ಕಾಯ್ದೆಯ ಭಯಕ್ಕೆ ನಾನು ಈ ಪತ್ರ ಬರೆಯುತ್ತಿಲ್ಲ. ಕೌಂಟರಿನಲ್ಲಿ ನೀವು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಹೇಳಬೇಕು.

ಸಂಧಿವಾತಕ್ಕೆ, ಸೋರಿಯಾಸಿಸ್‌ಗೆ ಮೆಥೊಟ್ರೆಕ್ಸೇಟ್ ಬರೆಯುತ್ತಾರೆ. ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳುವ ಮಾತ್ರೆ. ಉಳಿದೆಲ್ಲ ಮಾತ್ರೆ ದಿನಾ ನುಂಗಿ ರೂಢಿಯಾದವರು ಇದನ್ನೂ ದಿನಾ ನುಂಗಿದರೆ ಮೂಳೆಮಜ್ಜೆ ಸೋತು ರಕ್ತಕಣಗಳು ಇಳಿದುಹೋಗುತ್ತವೆ, ಬಾಯೆಲ್ಲ ಹುಣ್ಣಾಗುತ್ತದೆ, ಜೀವವೇ ಹೋಗಬಹುದು. ಇದನ್ನು ತಡೆಯಲು ಬೇಕಾದದ್ದು ದೊಡ್ಡ ಯಂತ್ರವಲ್ಲ. "ಅಕ್ಕ, ಇದು ವಾರಕ್ಕೆ ಒಂದೇ ಸಲ, ಸೋಮವಾರ ಅಂತ ಇಟ್ಟುಕೊಳ್ಳಿ" ಎಂದು ಹೇಳಿ ಕವರಿನ ಮೇಲೆ 'ಸೋಮವಾರ ಮಾತ್ರ' ಎಂದು ದೊಡ್ಡದಾಗಿ ಬರೆದುಕೊಡುವ ಒಬ್ಬರು ಬೇಕು. ಕೌಂಟರಿನ ಆ ಪಿಯುಸಿ ಹುಡುಗನಿಗೆ ಇದು ತಿಳಿದಿರುವುದಿಲ್ಲ. ನಿಮಗೆ ತಿಳಿದಿರುತ್ತದೆ. ಎರಡರಿಂದ ಆರು ವರ್ಷ ಅದಕ್ಕಾಗಿಯೇ ಓದಿರುತ್ತೀರಿ.

ಮಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿ ಮಲೇರಿಯಾ ಹತ್ತಿಸಿಕೊಂಡು ಊರಿಗೆ ಬರುವವರನ್ನು ನೋಡಿ. ವೈವಾಕ್ಸ್ ಮಲೇರಿಯಾಕ್ಕೆ ಮೂರು ದಿನದ ಕ್ಲೋರೋಕ್ವಿನ್ ಜೊತೆಗೆ ಪ್ರಿಮಾಕ್ವಿನ್ 14 ದಿನ ನುಂಗಬೇಕು. ಮೂರನೇ ದಿನಕ್ಕೆ ಜ್ವರ ಬಿಟ್ಟರೆ ಮಾತ್ರೆಯನ್ನೂ ಬಿಡುತ್ತಾರೆ. ಯಕೃತ್ತಿನಲ್ಲಿ ಅಡಗಿದ ರೋಗಾಣು ಮತ್ತೆ ಎದ್ದು, ಕೆಲವು ತಿಂಗಳಲ್ಲಿ ಅದೇ ಚಳಿಜ್ವರ. ಮಳೆಗಾಲದಲ್ಲಿ ಡೆಂಗಿ ಶುರುವಾದರೆ ಮೈಕೈ ನೋವಿಗೆ ಡೈಕ್ಲೋಫಿನಾಕ್ ಕೇಳಿಕೊಂಡು ಬರುತ್ತಾರೆ. ಡೆಂಗಿ ಇರಬಹುದಾದ ಜ್ವರದಲ್ಲಿ ಆ ಜಾತಿಯ ಮಾತ್ರೆ ರಕ್ತಸ್ರಾವಕ್ಕೆ ದಾರಿ ಮಾಡಿಕೊಡುತ್ತದೆ. "ಪ್ಯಾರಾಸಿಟಮಾಲ್ ಒಂದೇ ಕೊಡ್ತೇನೆ, ನಾಳೆ ರಕ್ತ ಪರೀಕ್ಷೆ ಮಾಡಿಸಿ" ಎನ್ನುವುದಕ್ಕೆ ಧೈರ್ಯ ಬೇಕು, ಗಿರಾಕಿ ಪಕ್ಕದ ಅಂಗಡಿಗೆ ಹೋಗಬಹುದು. ಇಡೀ ದಿನ ಬಗ್ಗಿ ಕುಳಿತು ಬೀಡಿ ಕಟ್ಟಿ ಸೊಂಟ ಹಿಡಿದುಕೊಂಡ ಅಮ್ಮಂದಿರು ಬಂಟ್ವಾಳ, ಬೆಳ್ತಂಗಡಿ ಕಡೆ ಎಷ್ಟಿಲ್ಲ! ಅವರು ವರ್ಷಗಟ್ಟಲೆ ನೋವಿನ ಮಾತ್ರೆಯನ್ನು ಶೀಟುಗಟ್ಟಲೆ ಒಯ್ಯುತ್ತಾರೆ. ಜೊತೆಗೆ ಬಿಪಿ ಮಾತ್ರೆಯೂ ಇದ್ದರೆ ಕಿಡ್ನಿಗೆ ಎರಡು ಕಡೆಯಿಂದ ಪೆಟ್ಟು. ಇದನ್ನು ಅವರಿಗೆ ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ, ಕನ್ನಡದಲ್ಲಿ, ಅವರ ಮನೆಯ ಮಾತಿನಲ್ಲೇ ಹೇಳಬಲ್ಲವರು ನೀವಲ್ಲದೆ ಇನ್ನಾರು? ಡಾಕ್ಟರ ಎದುರು ಬಾಯಿ ಬಿಡದವರೂ ನಮ್ಮ ಕೌಂಟರಿಗೆ ಮೊಣಕೈ ಊರಿ ಎಲ್ಲ ಹೇಳಿಕೊಳ್ಳುತ್ತಾರೆ.

ಕೊಕ್ಕಡ, ಪಟ್ರಮೆ, ನಿಡ್ಲೆಯ ಮಾತು ಇಲ್ಲಿ ಬರಲೇಬೇಕು. 1980ರ ದಶಕದಿಂದ 2000ದ ತನಕ ಅಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿದ್ದು 2011ರಲ್ಲಿ. ನಮ್ಮ ತಾಲೂಕಿನ ಆ ಮನೆಗಳಲ್ಲಿ ಹಾಸಿಗೆ ಬಿಟ್ಟೇಳಲಾಗದ, ಅಪಸ್ಮಾರ ಬರುವ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ಅವರ ಅಪ್ಪ ಅಮ್ಮ ಮುದುಕರಾಗಿದ್ದಾರೆ. ಅಪಸ್ಮಾರದ ಮಾತ್ರೆ ಒಮ್ಮೆಲೇ ನಿಂತರೆ ಮೂರ್ಛೆ ಸಾಲುಸಾಲಾಗಿ ಬರುತ್ತದೆ. ಫೆನಿಟೊಯಿನ್‌ನಂಥ ಮದ್ದಿನಲ್ಲಿ ಸಾಕಾಗುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಸಣ್ಣದು. ಸ್ಟಾಕ್ ಇಲ್ಲವೆಂದು ಮನಬಂದಂತೆ ಬ್ರಾಂಡ್ ಬದಲಾಯಿಸಿ ಕೊಡುವುದು ಅಲ್ಲಿ ಸಣ್ಣ ವಿಷಯವಲ್ಲ. 2019ರ ಆಗಸ್ಟ್‌ನಲ್ಲಿ ನೇತ್ರಾವತಿ, ಮೃತ್ಯುಂಜಯ ಉಕ್ಕಿ ಚಾರ್ಮಾಡಿ ಕಡೆ ರಸ್ತೆ, ಸಂಕಗಳು ಕೊಚ್ಚಿಹೋದಾಗ ಇನ್ಸುಲಿನ್ ಎಲ್ಲಿಡುವುದು, ಕರೆಂಟಿಲ್ಲದೆ ಎಷ್ಟು ದಿನ ತಾಳುತ್ತದೆ, ಮಣ್ಣಿನ ಮಡಕೆಯಲ್ಲಿ ಇಡಬಹುದಾ ಎಂದು ಜನ ಕೇಳಿದ್ದು ಮದ್ದಿನಂಗಡಿಯವರನ್ನೇ. ಆಗ ಗೋಡೆಯ ಸರ್ಟಿಫಿಕೇಟು ಉತ್ತರ ಕೊಡುವುದಿಲ್ಲ.

ನಿಮ್ಮ ಕಸುಬನ್ನು ನೀವೇ ಹೇಗೆ ಕಾಣುತ್ತೀರಿ ಎಂಬುದರ ಬಗ್ಗೆಯೂ ಒಂದೆರಡು ಮಾತು. ಹಳ್ಳಿಯವರು ನಮ್ಮನ್ನು "ಡಾಕ್ಟ್ರೇ" ಎನ್ನುತ್ತಾರೆ. ಪೇಟೆಯವರು "ಮೆಡಿಕಲ್‌ನವ್ರು" ಎನ್ನುತ್ತಾರೆ, ದಿನಸಿ ಅಂಗಡಿಯವರು ಎಂಬ ಅರ್ಥದಲ್ಲಿ. ಎರಡೂ ಸಂಬೋಧನೆಗಳು ನಿಮ್ಮನ್ನು ಹಾಳುಮಾಡಬಲ್ಲವು. ಮೊದಲನೆಯದಕ್ಕೆ ಮರುಳಾದರೆ ಚೀಟಿಯಿಲ್ಲದೆ ಆಂಟಿಬಯೋಟಿಕ್, ಸ್ಟೀರಾಯ್ಡ್ ಕೊಡಲು ಕೈ ಮುಂದಾಗುತ್ತದೆ. ಎರಡನೆಯದಕ್ಕೆ ಕುಗ್ಗಿದರೆ ಕೇಳಿದ್ದು ಕೊಟ್ಟು ದುಡ್ಡು ಎಣಿಸುವುದಷ್ಟೇ ಕೆಲಸ ಎನಿಸುತ್ತದೆ. ಚೀಟಿಯಲ್ಲಿ ಎರಡು ಮದ್ದು ಒಂದಕ್ಕೊಂದು ಆಗದಿದ್ದರೆ ಡಾಕ್ಟರಿಗೆ ಫೋನು ಮಾಡಿ ವಿನಯದಿಂದ ಕೇಳಬೇಕಾದವರು ನೀವು. ನಾನು ಫೋನು ಮಾಡಿದ ಡಾಕ್ಟರರಲ್ಲಿ ಬೇಸರಪಟ್ಟವರು ಕಡಿಮೆ, ಥ್ಯಾಂಕ್ಸ್ ಹೇಳಿದವರೇ ಹೆಚ್ಚು.

ಈ ಕಸುಬು ನಮ್ಮ ದೇಶದಲ್ಲಿ ಹುಟ್ಟಿದ ಬಗೆ ನೋಡಿದರೆ ನನ್ನ ಮಾತು ಇನ್ನೂ ಸ್ಪಷ್ಟವಾದೀತು. ಯಾರು ಬೇಕಾದರೂ ಮದ್ದು ಮಾರುತ್ತಿದ್ದಾರೆ, ಕಲಬೆರಕೆ ತುಂಬಿದೆ ಎಂಬ ದೂರು ಹೆಚ್ಚಾಗಿ 1930ರಲ್ಲಿ ಕರ್ನಲ್ ಆರ್.ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಕಲಿತವರು ಮಾತ್ರ ಮದ್ದು ಕೊಡಬೇಕು, ಅವರ ನೋಂದಣಿ ಆಗಬೇಕು ಎಂದು ಸಮಿತಿ ಹೇಳಿತು. 1932ರಲ್ಲಿ ಮಹಾದೇವ ಲಾಲ್ ಶ್ರಾಫ್ ಅವರ ಶ್ರಮದಿಂದ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿಯ ಪಾಠ ಶುರುವಾಯಿತು. ಕಾಯ್ದೆ ಬರಲು 1948ರ ತನಕ ಕಾಯಬೇಕಾಯಿತು. ಕಲಿಯದವರ ಕೈಯಿಂದ ಮದ್ದನ್ನು ಬಿಡಿಸಲಿಕ್ಕೆಂದೇ ಹುಟ್ಟಿದ ಸರ್ಟಿಫಿಕೇಟು ಇದು. ಅದನ್ನೇ ಕಲಿಯದವರಿಗೆ ಬಾಡಿಗೆಗೆ ಕೊಟ್ಟರೆ ಚೋಪ್ರಾ ಸಮಿತಿಗಿಂತ ಹಿಂದಿನ ಕಾಲಕ್ಕೆ ನಾವಾಗಿಯೇ ಮರಳಿದಂತೆ.

ಧರ್ಮಸ್ಥಳ ನಮಗೆ ಹತ್ತು ಕಿಲೋಮೀಟರ್ ದೂರವೂ ಇಲ್ಲ. ಅಲ್ಲಿನ ನಾಲ್ಕು ದಾನಗಳಲ್ಲಿ ಔಷಧದಾನವೂ ಒಂದು. ಮದ್ದು ಕೊಡುವುದನ್ನು ಈ ಊರು ವ್ಯಾಪಾರಕ್ಕಿಂತ ಮೇಲಿನದೆಂದು ಮೊದಲಿನಿಂದ ಕಂಡಿದೆ. ಮದ್ದನ್ನು ಗುರುತಿಸಬಲ್ಲವರಿಗೂ ಇಲ್ಲಿ ಮರ್ಯಾದೆ ಉಂಟು. ಆಟಿ ಅಮಾವಾಸ್ಯೆಯಂದು ನಸುಕಿನಲ್ಲೇ ಪಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು ಕಷಾಯ ಕುಡಿಯುತ್ತೇವಲ್ಲ, ಆ ಮರ ನಿಮ್ಮ ಫಾರ್ಮಕಾಗ್ನಸಿ ಪುಸ್ತಕದ ಆಲ್‌ಸ್ಟೋನಿಯಾ ಸ್ಕಾಲರಿಸ್. ಕತ್ತಲೆಯಲ್ಲಿ ಮರ ತಪ್ಪಿ ಕಾಸರಕದ ತೊಗಟೆ ತಂದರೆ ಅದರಲ್ಲಿರುವುದು ಸ್ಟ್ರಿಕ್ನಿನ್, ಬ್ರೂಸಿನ್. ಕುಡಿದವರು ಸೆಟೆದು ಸಾಯುತ್ತಾರೆ. ಅದಕ್ಕೇ ಹಿರಿಯರು ಹಿಂದಿನ ಸಂಜೆಯೇ ಮರ ನೋಡಿ ಗುರುತು ಮಾಡಿ ಬರುತ್ತಿದ್ದರು. ಸರಿಯಾದ ಮದ್ದೇ ಹೌದಾ ಎಂದು ಹಗಲಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳುವ ಆ ಹಿರಿಯರು ಫಾರ್ಮಸಿಸ್ಟಿನ ಕೆಲಸವನ್ನೇ ಮಾಡುತ್ತಿದ್ದರು. ಅಜ್ಜನಿಂದ ಬಂದ ಆ ತಿಳಿವಳಿಕೆ ಈಗ ಬಹಳ ಮನೆಗಳಲ್ಲಿ ಇಲ್ಲ. ನಿಮ್ಮ ಮನೆಯ ಆಸುಪಾಸಿನಲ್ಲಿ ಈ ಎರಡು ಮರಗಳ ವ್ಯತ್ಯಾಸ ತೋರಿಸಿಕೊಡುವವರು ನೀವಾಗಿ.

ಇನ್ನು ಕೆಲಸದ ವಿಷಯ. ಊರಲ್ಲೇ ಇರಿ ಎಂದು ಎಲ್ಲರಿಗೂ ಹೇಳುವ ಹಕ್ಕು ನನಗಿಲ್ಲ. ಅಡಿಕೆ ಮರ ಹತ್ತುವವರ ದಿನಗೂಲಿಗೆ ಹೋಲಿಸಿದರೆ ಮದ್ದಿನಂಗಡಿಯಲ್ಲಿ ನಿಮಗೆ ಮೊದಲು ಸಿಗುವ ಸಂಬಳ ಸಣ್ಣದೇ. ಸರ್ಟಿಫಿಕೇಟಿನ ಬಾಡಿಗೆ ವ್ಯವಹಾರ ಬೆಳೆದದ್ದೂ ಇದರಿಂದಲೇ, ಈ ಸಂಬಳ ಏರದೆ ಉಳಿದದ್ದೂ ಆ ವ್ಯವಹಾರದಿಂದಲೇ. ಕಾಗದಕ್ಕೆ ಸ್ವಲ್ಪ ದುಡ್ಡು ಕೊಟ್ಟರೆ ಸಾಕೆಂದಾದರೆ ಮನುಷ್ಯರಿಗೆ ಪೂರ್ತಿ ಸಂಬಳ ಕೊಡುವವರು ಯಾರು? ಒಬ್ಬರು ಬಾಡಿಗೆಗೆ ಕೊಟ್ಟ ಸರ್ಟಿಫಿಕೇಟು ಇನ್ನೊಬ್ಬರ ಕೆಲಸವನ್ನು ನುಂಗುತ್ತದೆ. ನುಂಗಿಸಿಕೊಂಡವರು ನಿಮ್ಮದೇ ಕ್ಲಾಸಿನವರು.

ಗಲ್ಫಿಗೆ ಹೋಗುವ ಆಸೆ ನಮ್ಮ ಕರಾವಳಿಗೆ ಹೊಸತಲ್ಲ, ಎಷ್ಟೋ ಮನೆಗಳಿಗೆ ಹಂಚು ಹೊದಿಸಿದ್ದು, ಎಷ್ಟೋ ತಂಗಿಯರ ಮದುವೆ ಮಾಡಿದ್ದು ಆ ದುಡ್ಡು. ಹೋಗಿ. ಆದರೆ ಸೌದಿ 2020ರಿಂದ ಫಾರ್ಮಸಿ ಕೆಲಸಗಳಲ್ಲಿ ತನ್ನ ಪ್ರಜೆಗಳ ಪಾಲನ್ನು ಹಂತಹಂತವಾಗಿ ಕಡ್ಡಾಯ ಮಾಡುತ್ತಾ ಬಂದಿದೆ. ಲೈಸೆನ್ಸಿಗೆ ಪರೀಕ್ಷೆ ಬರೆಯಬೇಕು, ದಾಖಲೆಗಳನ್ನು ಮೂಲಕ್ಕೇ ಹೋಗಿ ಪರಿಶೀಲಿಸುತ್ತಾರೆ, ಅನುಭವ ಕೇಳುತ್ತಾರೆ. ಕೌಂಟರಿನಲ್ಲಿ ನಿಂತೇ ಇಲ್ಲದವರಿಗೆ ಮಾಲೀಕರು ಬರೆದುಕೊಟ್ಟ ಅನುಭವ ಪತ್ರ ಸುಳ್ಳು ದಾಖಲೆ. ಅಲ್ಲಿ ಸಿಕ್ಕಿಬಿದ್ದರೆ ಬಿಡಿಸಲು ಯಾರೂ ಇರುವುದಿಲ್ಲ.

ಕಂಪನಿಗೆ ಹೋಗುವವರು ಕ್ವಾಲಿಟಿ ಕಂಟ್ರೋಲ್ ಲ್ಯಾಬಿನ ಕೆಲಸವನ್ನು ಬೇಸರದ ಕೆಲಸ ಎನ್ನುತ್ತೀರಿ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಹೋದಾಗ ಬೆರಳು ಹೋದದ್ದು ಅವರಿಗೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಕಡೆಗೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳ ಕಿಡ್ನಿ ಕೈಕೊಟ್ಟು ಜೀವ ಹೋಯಿತು. ಸಿರಪ್‌ನಲ್ಲಿ ಇದ್ದದ್ದು ಡೈಎಥಿಲೀನ್ ಗ್ಲೈಕಾಲ್. 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಮಂದಿಯನ್ನು ಕೊಂದದ್ದು ಇದೇ ದ್ರವ, 2022ರಲ್ಲಿ ಗ್ಯಾಂಬಿಯಾದ ಮಕ್ಕಳ ಸಾವಿನಲ್ಲಿ ಕೇಳಿಬಂದ ಹೆಸರೂ ಇದರದ್ದೇ. ಬಂದ ಕಚ್ಚಾಮಾಲನ್ನು ಪರೀಕ್ಷಿಸದೆ "ಪಾಸ್" ಎಂದು ಸಹಿ ಹಾಕುವ ಕೈಯೂ ಫಾರ್ಮಸಿ ಕಲಿತ ಕೈಯೇ ಇರಬಹುದು. ಆ ಸಹಿ ನಿಮ್ಮದಾಗದಿರಲಿ.

ಬೆಂಗಳೂರಿನ ಫಾರ್ಮಕೋವಿಜಿಲೆನ್ಸ್ ಆಫೀಸುಗಳಿಗೆ ಫಾರ್ಮ್.ಡಿ, ಬಿ.ಫಾರ್ಮ್ ಆದವರು ಬಹಳ ಮಂದಿ ಸೇರುತ್ತಿದ್ದೀರಿ. ಎಸಿ ರೂಮು, ಒಳ್ಳೆಯ ಸಂಬಳ, ನನಗೂ ಸಂತೋಷವೇ. ಯುರೋಪಿನ, ಅಮೆರಿಕದ ರೋಗಿಗಳಿಗೆ ಮದ್ದಿನಿಂದಾದ ತೊಂದರೆಗಳ ವರದಿಯನ್ನು ಅಲ್ಲಿ ದಿನವಿಡೀ ಓದುತ್ತೀರಿ. ನಮ್ಮ ದೇಶದ್ದೇ ಆದ ಇಂಥ ಕಾರ್ಯಕ್ರಮ 2010ರಿಂದ ಇದೆ. ರೋಗಿಗಳು ತುಂಬುವ ಫಾರ್ಮು ಕನ್ನಡದಲ್ಲೂ ಸಿಗುತ್ತದೆ, 1800-180-3024ಕ್ಕೆ ದುಡ್ಡು ಕೊಡದೆ ಫೋನು ಮಾಡಬಹುದು. ಮದ್ದು ತಗೊಂಡು ಮೈಯೆಲ್ಲ ದದ್ದು ಎದ್ದ ಬೆಳ್ತಂಗಡಿಯ ಅಣ್ಣನ ವರದಿಯೂ ಹಾಗೆಯೇ ಯಾರೋ ಬರೆದು ಕಳಿಸಿದರೆ ತಾನೇ ಎಲ್ಲಿಯಾದರೂ ದಾಖಲಾಗುವುದು? ರಜೆಯಲ್ಲಿ ಊರಿಗೆ ಬಂದಾಗ ಅಂಥ ಫಾರ್ಮು ಒಂದನ್ನಾದರೂ ತುಂಬಿಸಿ ಕಳಿಸಿ ನೋಡಿ.

ಸರಕಾರಿ ಆಸ್ಪತ್ರೆಯ ಫಾರ್ಮಸಿ ಅಧಿಕಾರಿ ಹುದ್ದೆ, ಬಿ.ಫಾರ್ಮ್ ಆದವರಿಗೆ ಔಷಧ ಇಲಾಖೆಯ ಇನ್ಸ್‌ಪೆಕ್ಟರ್ ದರ್ಜೆಯ ಹುದ್ದೆಗಳು ಒಳ್ಳೆಯವೇ, ಆದರೆ ನೇಮಕಾತಿ ಯಾವಾಗ ಕರೆಯುತ್ತಾರೆಂದು ಕಾಯುತ್ತಾ ಸುಮ್ಮನೆ ಕೂರಬೇಡಿ. ಫಾರ್ಮ್.ಡಿ ಮಕ್ಕಳಿಗೆ ನನ್ನ ಅನುಕಂಪ ಹೆಚ್ಚು. 2008ರಲ್ಲಿ ಶುರುವಾದ ಆರು ವರ್ಷದ ಕೋರ್ಸು ನಿಮ್ಮದು. ವಾರ್ಡಿನಲ್ಲಿ ರೋಗಿಯ ಮಂಚದ ಪಕ್ಕ ನಿಂತು ಕಲಿತಿರುತ್ತೀರಿ. ಆ ಕಲಿಕೆಗೆ ತಕ್ಕ ಕೆಲಸವನ್ನು ನಮ್ಮ ಆಸ್ಪತ್ರೆಗಳು ಇನ್ನೂ ಸಾಕಷ್ಟು ಕೊಡುತ್ತಿಲ್ಲ. ಇದು ನಿಮ್ಮ ಕೊರತೆಯಲ್ಲ. ತಾಲೂಕು ಕೇಂದ್ರಗಳ ದೊಡ್ಡ ಆಸ್ಪತ್ರೆಗಳು ಒಬ್ಬೊಬ್ಬ ಕ್ಲಿನಿಕಲ್ ಫಾರ್ಮಸಿಸ್ಟನ್ನು ಇಟ್ಟುಕೊಂಡರೆ ಐದಾರು ಬಗೆಯ ಮಾತ್ರೆ ನುಂಗುವ ನಮ್ಮ ಅಜ್ಜ ಅಜ್ಜಿಯರಿಗೆ ಎಷ್ಟು ಉಪಕಾರವಾದೀತು ಎಂದು ಆಡಳಿತದವರ ಕಿವಿಗೆ ನಾನೂ ಹಾಕುತ್ತಿರುತ್ತೇನೆ.

ಸ್ವಂತ ಅಂಗಡಿ ಹಾಕುವವರಿಗೆ ಒಂದೇ ಮಾತು. ಎದುರಿನ ಅಂಗಡಿ ಡಿಸ್ಕೌಂಟ್ ಬೋರ್ಡು ಹಾಕಿತು, ಆನ್‌ಲೈನ್‌ನವರು ಇನ್ನೂ ಕಡಿಮೆಗೆ ಕೊಡುತ್ತಾರೆ ಎಂದು ನಿದ್ದೆಗೆಡಬೇಡಿ. ದರದಲ್ಲಿ ಅವರನ್ನು ಸೋಲಿಸಲು ನಿಮ್ಮಿಂದಾಗದು. ಯಾವ ಮಾತ್ರೆ ಊಟಕ್ಕೆ ಮೊದಲು, ಯಾವುದು ನಂತರ, ಮರೆತರೆ ಏನು ಮಾಡಬೇಕು, ಇನ್ಹೇಲರ್ ಬಾಯಿಗಿಟ್ಟು ಉಸಿರು ಹೇಗೆ ಎಳೆಯಬೇಕು ಎಂದು ಎದುರಿಗೆ ನಿಂತು ತೋರಿಸಿದವರ ಹತ್ತಿರ ಜನ ಬಂದೇ ಬರುತ್ತಾರೆ.

ಕೊನೆಗೆ ಟ್ರೈನಿಂಗಿನ ಮಾತು, ಅದು ಈಗಿಂದೀಗ ನಿಮ್ಮ ಕೈಯಲ್ಲೇ ಇದೆ. ಡಿ.ಫಾರ್ಮ್ ಆದವರು ಕನಿಷ್ಠ ಮೂರು ತಿಂಗಳಲ್ಲಿ 500 ಗಂಟೆ ತರಬೇತಿ ಮಾಡಬೇಕು, ಅದರಲ್ಲಿ 250 ಗಂಟೆ ಚೀಟಿ ನೋಡಿ ಮದ್ದು ಕೊಡುವುದಕ್ಕೇ ಮೀಸಲು. ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಮನೆಗೆ ಹೋಗುವ ಅಭ್ಯಾಸ ಶುರುವಾಗುವುದು ಇಲ್ಲಿಂದ. ಇಲ್ಲಿ ಸುಳ್ಳು ಸಹಿ ಪಡೆದವರಿಗೆ ಮುಂದೆ ಸರ್ಟಿಫಿಕೇಟು ಬಾಡಿಗೆಗೆ ಕೊಡುವುದು ದೊಡ್ಡದೆನಿಸುವುದಿಲ್ಲ. ನನ್ನಲ್ಲಿ ಒಂದು ಸಲಕ್ಕೆ ಇಬ್ಬರಿಗೆ ಜಾಗ ಉಂಟು. ಬೆಳಗ್ಗೆ ಒಂಬತ್ತಕ್ಕೆ ಬನ್ನಿ, ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ. ಮೊದಲ ವಾರ ಮದ್ದು ಮುಟ್ಟಲಿಕ್ಕಿಲ್ಲ, ಬಂದವರ ಮಾತು ಕೇಳಲಿಕ್ಕೆ ಮಾತ್ರ. ಎರಡನೇ ವಾರದಿಂದ ನನ್ನ ಪಕ್ಕ ನಿಂತು ಕವರಿನ ಮೇಲೆ ಬರೆಯುವುದು, ಬರೆದದ್ದನ್ನು ಗಿರಾಕಿಗೆ ಅವರ ಭಾಷೆಯಲ್ಲಿ ಓದಿಹೇಳುವುದು. ಗಂಟೆಗಳ ಲೆಕ್ಕವನ್ನು ಇಬ್ಬರೂ ಸೇರಿ ಬರೆಯೋಣ. ಬೇರೆ ಊರಿನವರು ನಿಮ್ಮ ಹತ್ತಿರದ, ಫಾರ್ಮಸಿಸ್ಟ್ ಖುದ್ದು ಕೂರುವ ಅಂಗಡಿಯನ್ನು ಹುಡುಕಿ ಕೇಳಿ. ಅಂಥವರು ಗುರುವಾಯನಕೆರೆಯಲ್ಲಿ, ವೇಣೂರಿನಲ್ಲಿ, ಮೂಡುಬಿದಿರೆಯಲ್ಲಿ ಸಿಕ್ಕೇ ಸಿಗುತ್ತಾರೆ. ನಮ್ಮಂಥವರಿಗೆ ಹೇಳಿಕೊಡಲು ಬಹಳ ಆಸೆ, ಕಲಿಯಲು ನಿಲ್ಲುವವರು ಬೇಕು.

ಇತಿ ನಿಮ್ಮ,
ಉಜಿರೆಯ ಒಬ್ಬ ಫಾರ್ಮಸಿಸ್ಟ್